ಗಗನಸಖಿಯ ಕಾಲಿಗೆ ಪ್ಲಾಸ್ಟರ್

ಗಗನಸಖಿ ಎಂಬ ಪದವನ್ನು ಕನ್ನಡಕ್ಕೆ ತಂದವರಿಗೆ ಶಾಕುಂತಲದ ಅನಸೂಯೆ, ಪ್ರಿಯಂವದೆಯರು ನೆನಪಾಗಿದ್ದಿರಬೇಕು. ಕೇಳಲು ಬಲು ಇಂಪಾದ ಪದ. ಅದರ ತೊಂದರೆಯೂ ಅದೇ. ಸಖಿಯೆಂದರೆ ನಗುತ್ತಾ ಬಳಿಯಲ್ಲಿರುವವಳು, ಕೇಳಿದ್ದನ್ನು ತಂದುಕೊಡುವವಳು. ಆ ಕೆಲಸವನ್ನು ನಾವು ಪದದ ಅಳತೆಗೇ ಕತ್ತರಿಸಿ ಹೊಲಿದುಬಿಟ್ಟೆವು. ನಾನು ಹೈಸ್ಕೂಲಿನಲ್ಲಿದ್ದಾಗ ಯಾರನ್ನಾದರೂ "ಏರ್ ಹೋಸ್ಟೆಸ್ ಹಾಗೆ ಉಂಟು ಹುಡುಗಿ" ಎಂದರೆ, ಚಂದ ಇದ್ದಾಳೆ ಎಂದಷ್ಟೇ ಅರ್ಥ. ಆ ಚಂದದ ಹುಡುಗಿ ವಿಮಾನದಲ್ಲಿ ಏನು ಮಾಡುತ್ತಾಳೆ ಎಂದು ನಾವು ಯಾರೂ ಕೇಳಿದವರಲ್ಲ. ಚಾ ಕೊಡುತ್ತಾಳೆ, ಇನ್ನೇನು!

ಆದರೆ ಈ ಕೆಲಸ ಹುಟ್ಟಿದ್ದು ಚಾ ಕೊಡಲಿಕ್ಕಲ್ಲ. 1930ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ವಿಮಾನ ಹತ್ತಿದ ಮೊದಲ ಹೆಂಗಸು ಎಲೆನ್ ಚರ್ಚ್. ಅವಳು ನರ್ಸು. ವಿಮಾನ ಹಾರಿಸಲೂ ಕಲಿತಿದ್ದಳು. ಪೈಲಟ್ ಕೆಲಸ ಕೇಳಿದ್ದಕ್ಕೆ ಕಂಪೆನಿಯವರು ಕೊಡಲಿಲ್ಲ. ಹಾಗಾದರೆ ನರ್ಸುಗಳನ್ನಾದರೂ ಒಳಗೆ ಇಟ್ಟುಕೊಳ್ಳಿ ಎಂದು ಅವಳೇ ಸೂಚಿಸಿದಳು. ಅವಳನ್ನೂ ಸೇರಿಸಿ ಎಂಟು ಮಂದಿಯನ್ನು ತೆಗೆದುಕೊಂಡರು, ಎಂಟೂ ಮಂದಿ ನರ್ಸುಗಳು. ಆಗಿನ ವಿಮಾನಗಳು ಮೋಡಗಳ ನಡುವೆಯೇ ತಗ್ಗಿನಲ್ಲಿ ಹಾರಬೇಕಿತ್ತು. ಕುಲುಕಾಟ, ವಾಂತಿ, ಭಯ. ಕೈಹಿಡಿದು ಧೈರ್ಯ ಹೇಳಲು, ಗಾಯವಾದರೆ ಕಟ್ಟು ಕಟ್ಟಲು ತಿಳಿದವರೇ ಬೇಕಿತ್ತು. ಎರಡನೆಯ ಮಹಾಯುದ್ಧ ಬಂದು ನರ್ಸುಗಳೆಲ್ಲ ಸೈನ್ಯಕ್ಕೆ ಹೋದ ಮೇಲೆ ಆ ನಿಯಮ ಬಿಟ್ಟುಹೋಯಿತು. ಎತ್ತರ, ಮೈಮಾಟ, ವಯಸ್ಸು ಅದರ ಜಾಗಕ್ಕೆ ಬಂದವು.

ನಮ್ಮ ದೇಶದಲ್ಲೂ ಅಷ್ಟೆ. ಮೂವತ್ತೈದಕ್ಕೆ ನಿವೃತ್ತಿ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ, ಮೊದಲ ಬಸಿರಿಗೂ ಮನೆಗೆ ಎಂಬ ನಿಯಮ ಏರ್ ಇಂಡಿಯಾದಲ್ಲಿತ್ತು. ನರ್ಗೀಶ್ ಮಿರ್ಜಾ ಮತ್ತು ಸಂಗಡಿಗರು ಸುಪ್ರೀಂ ಕೋರ್ಟಿನ ತನಕ ಹೋದದ್ದರಿಂದ 1981ರಲ್ಲಿ ಬಸಿರಿನ ನಿಯಮ ಬಿದ್ದುಹೋಯಿತು. ಮದುವೆಯ ನಿಯಮವನ್ನು ಮಾತ್ರ ಕೋರ್ಟು ಹಾಗೆಯೇ ಉಳಿಸಿತು. ನಮ್ಮಂಥ ಟೀಚರುಗಳಿಗೆ ಯಾರೂ ಹಾಗೆ ಹೇಳಿದ್ದರೆ ಅರ್ಧ ಶಾಲೆಗಳು ಮುಚ್ಚಿ ಹೋಗುತ್ತಿದ್ದವು.

ಇಷ್ಟೆಲ್ಲ ನಾನು ಓದಿ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದಾಗಿ. ಹತ್ತನೆಯ ತರಗತಿಯಲ್ಲಿ ಗಣಿತಕ್ಕಿಂತ ಥ್ರೋಬಾಲಿನಲ್ಲಿ ಮುಂದಿದ್ದ ಹುಡುಗಿ. ಪದವಿ ಮುಗಿಸಿ ವಿಮಾನ ಕಂಪೆನಿಯೊಂದಕ್ಕೆ ಸೇರಿ ಆರು ವರ್ಷವಾಯಿತು. ಈ ಸಲ ಮಳೆಗಾಲ ಹಿಡಿದ ಮೇಲೆ ಅವಳು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದಾಳೆಂದು ತಿಳಿದು ನೋಡಲು ಹೋದೆ. ತಾಯಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಟೀಚರ್, ನೀವು ಹೇಳಿದ್ರೆ ಕೇಳ್ತಾಳೆ. ಈ ಬಡಿಸುವ ಕೆಲಸ ಸಾಕು ಅಂತ ಹೇಳಿ. ಬ್ಯಾಂಕಿನ ಪರೀಕ್ಷೆ ಆದ್ರೂ ಕಟ್ಟಲಿ."

ಹುಡುಗಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದಳು. ಕತೆ ಅವಳ ಬಾಯಿಂದಲೇ ಬಂತು. ಗಲ್ಫಿನಿಂದ ಬಜ್ಪೆಗೆ ಬರುವ ವಿಮಾನ, ಮೇ ತಿಂಗಳ ಕೊನೆ. ಮುಂಗಾರಿಗೆ ಮುಂಚಿನ ಗುಡುಗು ಮೋಡಗಳು ಕರಾವಳಿಯ ಮೇಲೆ ಗೋಡೆಯಂತೆ ನಿಲ್ಲುವ ಕಾಲ. ಊಟ ಮುಗಿದು ಖಾಲಿ ಡಬ್ಬಿ ಸಂಗ್ರಹಿಸುತ್ತಿದ್ದಾಗ ಬೆಲ್ಟಿನ ದೀಪ ಹತ್ತಿತು. ಕುಳಿತುಕೊಳ್ಳಿ ಎಂದು ಪೈಲಟ್ ಹೇಳಿದ್ದು ಕೇಳಿಸಿತು, ಕುಳಿತುಕೊಳ್ಳುವಷ್ಟು ಹೊತ್ತು ಸಿಗಲಿಲ್ಲ. ಅವಳು ಮಾಡಿದ ಮೊದಲ ಕೆಲಸ ಟ್ರಾಲಿಯ ಬ್ರೇಕ್ ಒತ್ತಿದ್ದು. ತುಂಬಿದ ದೊಡ್ಡ ಟ್ರಾಲಿ ಹೆಚ್ಚುಕಡಿಮೆ ಎರಡು ಮೂಟೆ ಅಕ್ಕಿಯಷ್ಟು ಭಾರ. ಅದು ಮೇಲೆದ್ದು ಬಿದ್ದರೆ ಯಾರ ಮೇಲೆ ಬೀಳುತ್ತದೋ ಅವರ ಗತಿ ಮುಗಿಯಿತು. ಎರಡನೆಯ ಕೆಲಸ ಬಿಸಿನೀರಿನ ಜಗ್ಗನ್ನು ನೆಲಕ್ಕಿಟ್ಟದ್ದು. ಮೂರನೆಯದಕ್ಕೆ, ಅಂದರೆ ತನ್ನನ್ನು ತಾನು ಹಿಡಿದುಕೊಳ್ಳುವುದಕ್ಕೆ, ಕೈ ಸೀಟಿನ ತನಕ ಹೋಗಿತ್ತು ಅಷ್ಟೆ. "ನಾನು ಮೇಲೆ ಹೋದದ್ದು ಗೊತ್ತೇ ಆಗಲಿಲ್ಲ ಟೀಚರ್. ಚಾವಣಿಯೇ ಕೆಳಗೆ ಬಂದ ಹಾಗೆ ಆಯ್ತು."

ಅವಳು ಹೇಳಿದ್ದು ಭೌತಶಾಸ್ತ್ರದ ದೃಷ್ಟಿಯಿಂದಲೂ ಸರಿ. ಗಾಳಿಯಲ್ಲಿ ಗುಂಡಿಗಳಿವೆ, ವಿಮಾನ ಅದರೊಳಗೆ ಬೀಳುತ್ತದೆ ಎಂದು ನಾವು ಏರ್ ಪಾಕೆಟ್ ಮಾತಾಡುತ್ತೇವೆ. ಗುಂಡಿ ಇಲ್ಲ. ಮೇಲೇರುವ ಗಾಳಿ, ಕೆಳಗಿಳಿಯುವ ಗಾಳಿ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೊಕ್ಕ ವಿಮಾನ ಥಟ್ಟನೆ ಕೆಳಗೆ ಹೋಗುತ್ತದೆ. ಬೆಲ್ಟು ಕಟ್ಟಿದವನು ಅದರೊಂದಿಗೆ ಹೋಗುತ್ತಾನೆ. ಕಟ್ಟದವನು ಇದ್ದಲ್ಲೇ ಉಳಿಯುತ್ತಾನೆ, ಚಾವಣಿ ಬಂದು ಅವನ ತಲೆಗೆ ಬಡಿಯುತ್ತದೆ. ಪೈಲಟಿನ ರಾಡಾರಿಗೆ ಮಳೆಹನಿ ಇರುವ ಮೋಡ ಕಾಣುತ್ತದೆ. ತಿಳಿ ಆಕಾಶದಲ್ಲಿ ಗಾಳಿ ಕದಡಿದ್ದರೆ ಅದು ಕಾಣುವುದಿಲ್ಲ.

2024ರ ಮೇ 21ರಂದು ಲಂಡನ್ನಿನಿಂದ ಹೊರಟ ಸಿಂಗಾಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಮೇಲೆ 37,000 ಅಡಿ ಎತ್ತರದಲ್ಲಿತ್ತು, ಬೆಳಗಿನ ಉಪಾಹಾರ ಕೊಡುತ್ತಿದ್ದರು. ಬೆಲ್ಟಿಲ್ಲದವರು ಎದ್ದು ಬಿದ್ದದ್ದು 4.6 ಸೆಕೆಂಡಿನೊಳಗೆ ಎಂದು ತನಿಖೆಯವರು ಲೆಕ್ಕ ಹಾಕಿದರು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಜನ ಗಾಯಗೊಂಡರು, ವಿಮಾನವನ್ನು ಬ್ಯಾಂಕಾಕಿನಲ್ಲಿ ಇಳಿಸಿದರು. ನಮ್ಮಲ್ಲಿ 2022ರ ಮೇ 1ರಂದು ಮುಂಬಯಿಯಿಂದ ದುರ್ಗಾಪುರಕ್ಕೆ ಹೊರಟ ಸ್ಪೈಸ್‌ಜೆಟ್ ವಿಮಾನ ಇಳಿಯುವ ಹೊತ್ತಿಗೆ ಬಿರುಗಾಳಿಗೆ ಸಿಕ್ಕಿತು. 14 ಪ್ರಯಾಣಿಕರಿಗೂ 3 ಮಂದಿ ಕ್ಯಾಬಿನ್ ಸಿಬ್ಬಂದಿಗೂ ತಲೆ, ಬೆನ್ನುಹುರಿ, ಭುಜ, ಮುಖಕ್ಕೆ ಪೆಟ್ಟಾಯಿತು.

ಆ ಮೂರು ಎಂಬ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ದೇಶದ ನಿಯಮದಂತೆ ಐವತ್ತು ಸೀಟಿಗೆ ಒಬ್ಬ ಸಿಬ್ಬಂದಿ ಇರಬೇಕು. ಬಜ್ಪೆಗೆ ಬರುವಂಥ 180 ಚಿಲ್ಲರೆ ಸೀಟಿನ ವಿಮಾನಕ್ಕೆ ಸಾಮಾನ್ಯವಾಗಿ ನಾಲ್ವರು. ಅವರಲ್ಲಿ ಒಬ್ಬಿಬ್ಬರು ಬಿದ್ದರೆ ಉಳಿದವರೇ ಎಲ್ಲರನ್ನೂ ನೋಡಬೇಕು. ಬೀಳುವುದೂ ಅವರೇ ಹೆಚ್ಚು. ಅಮೆರಿಕದ ಲೆಕ್ಕ ನೋಡಿ: 2009ರಿಂದ 2022ರ ತನಕ ಅಲ್ಲಿ ಇಂಥ ಕುಲುಕಾಟದಿಂದ ತೀವ್ರವಾಗಿ ಗಾಯಗೊಂಡವರು 163 ಮಂದಿ, ಅವರಲ್ಲಿ 129 ಮಂದಿ ವಿಮಾನದ ಸಿಬ್ಬಂದಿ. ಕಾರಣ ಬಹಳ ಸರಳ. ನಾವು ಕುಳಿತಿರುತ್ತೇವೆ, ಅವರು ನಿಂತಿರುತ್ತಾರೆ. ಶಿರಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಕಂಡಕ್ಟರನ ಪಾಡು ನೆನೆಸಿಕೊಂಡರೆ ಅರ್ಥವಾದೀತು. ಕಂಡಕ್ಟರನಿಗಾದರೋ ಮುಂದಿನ ತಿರುವು ಕಣ್ಣಿಗೆ ಕಾಣುತ್ತದೆ.

ಹುಡುಗಿ ಸೀಟಿನ ಕೈಯ ಮೇಲೆ ಬಿದ್ದಳು, ಕಾಲು ಟ್ರಾಲಿಯಡಿ ತಿರುಚಿತು. ಉಳುಕಿರಬೇಕು ಎಂದುಕೊಂಡಳು, ಮುರಿದಿತ್ತು. ಮೊದಲು ತಾನು ಸುರಕ್ಷಿತ, ಆಮೇಲೆ ಜೊತೆಯವರು, ಆಮೇಲೆ ಪ್ರಯಾಣಿಕರು ಎಂದು ಅವರಿಗೆ ತರಬೇತಿಯಲ್ಲಿ ಕಲಿಸುತ್ತಾರಂತೆ. ಕೇಳಲು ಸ್ವಾರ್ಥದ ಹಾಗಿದೆ, ಆದರೆ ಬಿದ್ದವಳು ಯಾರನ್ನು ಎತ್ತಬಲ್ಲಳು? ಕುಲುಕಾಟ ನಿಂತಿತೆಂದು ಪೈಲಟ್ ಹೇಳುವ ತನಕ ಅವಳು ನಡುದಾರಿಯಲ್ಲೇ ಸೀಟಿನ ಕಾಲು ಹಿಡಿದು ಕುಳಿತಳು. ನಂತರ ಹಿರಿಯ ಸಹೋದ್ಯೋಗಿ ಫೋನಿನಲ್ಲಿ ಪೈಲಟಿಗೆ ಲೆಕ್ಕ ಕೊಟ್ಟಳು: ಇಷ್ಟು ಜನರಿಗೆ ಗಾಯ, ಒಬ್ಬರಿಗೆ ರಕ್ತ, ಒಬ್ಬರಿಗೆ ಕುತ್ತಿಗೆ ನೋವು. ಕೆಳಗೆ ಆಂಬುಲೆನ್ಸ್ ಎಷ್ಟು ಬೇಕೆಂದು ಪೈಲಟ್ ತಿಳಿಸಬೇಕಾದ್ದು ಈ ಲೆಕ್ಕ ನೋಡಿಯೇ.

ರಕ್ತ ಬರುತ್ತಿದ್ದದ್ದು ಮಗನ ಮನೆಯಿಂದ ಊರಿಗೆ ಮರಳುತ್ತಿದ್ದ ಒಬ್ಬ ಬ್ಯಾರಿ ಉಮ್ಮನಿಗೆ. ಹೊಟ್ಟೆ ಬಿಗಿಯುತ್ತದೆಂದು ಬೆಲ್ಟು ಬಿಚ್ಚಿ ಕುಳಿತಿದ್ದರು, ಹಣೆ ಒಡೆದಿತ್ತು. ಎದ್ದು ನಿಲ್ಲಲಾರದೆ ಹುಡುಗಿ ಕುಳಿತಲ್ಲಿಂದಲೇ ಜಾರಿಕೊಂಡು ಹೋಗಿ ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದಳು. ತೆಗೆದು ತೆಗೆದು ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಬಟ್ಟೆ. ಇವಳು ಬೆಳೆದದ್ದು ಬ್ಯಾರಿ ಮನೆಗಳ ನೆರೆಯಲ್ಲಿ. ಬಂದಷ್ಟು ಬ್ಯಾರಿ ಭಾಷೆಯಲ್ಲಿ ಮಾತಾಡಿಸುತ್ತ ಅವರನ್ನು ಎಚ್ಚರವಾಗಿ ಇಟ್ಟಳು. ಕುತ್ತಿಗೆ ನೋವೆಂದ ಗಂಡಸನ್ನು ಎಬ್ಬಿಸಲು ಪಕ್ಕದವರು ಹೊರಟಿದ್ದರು. ಅಲ್ಲಾಡಿಸಬೇಡಿ ಎಂದು ಕೂಗಿದ್ದು ಮೂರು ಸಾಲು ಹಿಂದಿನ ಒಬ್ಬ ಹೆಂಗಸು. ಡಾಕ್ಟರ್ ಇದ್ದಾರೆಯೇ ಎಂದು ಮೈಕಿನಲ್ಲಿ ಕೇಳಿದಾಗ ಡಾಕ್ಟರ್ ಯಾರೂ ಇರಲಿಲ್ಲ, ಈಕೆ ರಜೆಯಲ್ಲಿ ಊರಿಗೆ ಬರುತ್ತಿದ್ದ ನರ್ಸು, ಉಡುಪಿ ಕಡೆಯವಳು. ಎಲೆನ್ ಚರ್ಚಳ ವಂಶ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿದೆ. 2023ರ ಮೇ ತಿಂಗಳಲ್ಲಿ ದೆಹಲಿಯಿಂದ ಸಿಡ್ನಿಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ ಇದೇ ರೀತಿ ಕುಲುಕಿ ಏಳು ಮಂದಿಗೆ ಪೆಟ್ಟಾದಾಗಲೂ ಸಿಬ್ಬಂದಿಗೆ ಆಸರೆಯಾದದ್ದು ಪ್ರಯಾಣಿಕರ ನಡುವೆ ಇದ್ದ ಒಬ್ಬ ಡಾಕ್ಟರ್, ಒಬ್ಬ ನರ್ಸು.

ಎಳೆಕೂಸಿನ ತಾಯಂದಿರಿಗೆ ಹೇಳಲು ಅವಳು ನನಗೊಂದು ಮಾತು ಒಪ್ಪಿಸಿದ್ದಾಳೆ. ಮಡಿಲ ಮಗುವನ್ನು ತನ್ನ ಬೆಲ್ಟಿನೊಳಗೇ ಸೇರಿಸಿ ಕಟ್ಟಬೇಡಿ, ತಾಯಿಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಮಗುವಿಗೆ ಬೇರೆ ಸಣ್ಣ ಬೆಲ್ಟು ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. ದೀಪ ಆರಿದರೂ ಬೆಲ್ಟು ಬಿಚ್ಚದಿದ್ದರೆ ಯಾರೂ ಬೈಯುವುದಿಲ್ಲ.

ಬಜ್ಪೆಯಲ್ಲಿ ಇಳಿದ ಮೇಲೆ ಗಾಯಾಳುಗಳನ್ನು ಮೊದಲು ಇಳಿಸಬೇಕಿತ್ತು. ಅಷ್ಟರಲ್ಲಿ ಒಬ್ಬರು ತಮ್ಮ ಬ್ಯಾಗಿನ ಮೇಲೆ ಯಾರೋ ಚಾ ಚೆಲ್ಲಿದ್ದಾರೆ, ಇದಕ್ಕೆ ಯಾರು ಹೊಣೆ ಎಂದು ಅವಳನ್ನೇ ಹಿಡಿದು ಕೇಳಿದರಂತೆ. ಸಾರಿ ಸರ್ ಎಂದಳಂತೆ. ನನಗಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುವ ಮನಸ್ಸಾಗುತ್ತಿತ್ತು.

ಈ ಊರಿನಲ್ಲಿ ವಿಮಾನದ ಮಾತು ಎಲ್ಲಿಂದ ಹೊರಟರೂ 2010ರ ಮೇ 22ಕ್ಕೆ ಹೋಗಿ ಮುಟ್ಟುತ್ತದೆ. ಅದು ಗಾಳಿಯಿಂದಾದ ಅವಘಡವಲ್ಲ, ಬೇರೆಯೇ ಕತೆ. 158 ಜನ ತೀರಿಕೊಂಡರು, ಎಂಟು ಮಂದಿ ಉಳಿದರು. ತಾಯಿಯ ಮನಸ್ಸಿನಲ್ಲಿದ್ದದ್ದೂ ಅದೇ. ಹೇಳುತ್ತ ಅವರ ಕಣ್ಣು ತುಂಬಿತು. ಆ ದಿನ ಪ್ರಯಾಣಿಕರನ್ನು ನಾವೆಲ್ಲ ಲೆಕ್ಕ ಹಾಕಿದೆವು. ಯಾರ ಮನೆಯವರು, ಯಾವ ಮದುವೆಗೆ ಬರುತ್ತಿದ್ದವರು ಎಂದು ಇಂದಿಗೂ ಹೇಳಬಲ್ಲೆವು. ಉಳಿದ ಎಂಟು ಮಂದಿಯಲ್ಲಿ ಕ್ಯಾಬಿನ್ನಿನ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ ಎಂಬುದು ನಮ್ಮಲ್ಲಿ ಎಷ್ಟು ಮಂದಿಯ ನೆನಪಿನಲ್ಲಿದೆಯೋ.

ಕೆಲಸ ಬಿಡು ಎಂದು ನಾನು ಹೇಳಲಿಲ್ಲ. ಬಡಿಸುವ ಕೆಲಸವಾಗಿದ್ದರೆ ಹೇಳುತ್ತಿದ್ದೆನೇನೋ. ತಾಯಿಗೆ ನನ್ನ ಮೇಲೆ ಬೇಸರವಾಯಿತು, ಆದರೂ ಚಾ ತಂದರು, ನೀರು ದೋಸೆ ಹಾಕಿದರು. "ಇವಳಿಗೆ ನಿಮ್ಮದೇ ಬಲ ಟೀಚರ್," ಎಂದು ಮಗಳ ತಟ್ಟೆಗೆ ಇನ್ನೊಂದು ದೋಸೆ ಬಡಿಸುತ್ತ ಗೊಣಗಿದರು.

ಪ್ಲಾಸ್ಟರ್ ತೆಗೆದ ಮೇಲೆ ಏನು ಎಂದು ಕೇಳಿದೆ. ಕಂಪೆನಿಯ ಡಾಕ್ಟರ್ ನೋಡಿ ಒಪ್ಪಬೇಕು, ಬಾಗಿಲು ತೆರೆಯುವ ಪರೀಕ್ಷೆ ಮತ್ತೆ ಕೊಡಬೇಕು, ಪ್ರಥಮ ಚಿಕಿತ್ಸೆಯ ಪಾಠ ಇನ್ನೊಮ್ಮೆ ಓದಬೇಕು ಎಂದಳು. ಪುಸ್ತಕ ಪಕ್ಕದಲ್ಲೇ ಇತ್ತು. ಹತ್ತನೆಯ ತರಗತಿಯಲ್ಲಿ ಒಂದು ಪುಸ್ತಕಕ್ಕೂ ಸರಿಯಾಗಿ ಬೈಂಡು ಹಾಕದವಳು ಇದಕ್ಕೆ ಅಚ್ಚುಕಟ್ಟಾಗಿ ಕಂದು ಕಾಗದದ ಬೈಂಡು ಹಾಕಿದ್ದಳು.