ಒಯ್ದುದೂ ಮುಟ್ಟಿದುದೂ

ಪಾಠಶಾಲೆಯಲ್ಲಿ 'ವಹ್' ಧಾತುವಿಗೆ ಹೊರುವುದು, ಒಯ್ಯುವುದು ಎಂದು ಬಾಯಿಪಾಠ ಮಾಡಿದ್ದೆನು. ಒಬ್ಬರ ಮನಸ್ಸಿನದು ಮತ್ತೊಬ್ಬರಿಗೆ ಮುಟ್ಟುವುದನ್ನು ಇಂದು 'ಸಂವಹನ'ವೆನ್ನುವುದು ಆ ಧಾತುವಿನಿಂದಲೇ. ಶೂದ್ರಕನ ಮೃಚ್ಛಕಟಿಕದಲ್ಲಿಯಾದರೋ ಸಂವಾಹಕನೆಂದರೆ ಮೈಯೊತ್ತುವವನು! ವೈದ್ಯರಿಗೆ ಸೊಳ್ಳೆ ರೋಗವಾಹಕ. ಭೌತವಿಜ್ಞಾನಿಗೆ ತಾಮ್ರ ಉಷ್ಣವಾಹಕ. 2013ರಲ್ಲಿ ನಿಂತುಹೋದ ತಂತಿಯ ಸೇವೆಗೆ, ಕಾಗದವನ್ನು ವಿಳಾಸದಾರನ ಕೈಗಿತ್ತರೆ ಕರ್ತವ್ಯ ಮುಗಿಯುತ್ತಿದ್ದಿತು. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ಪಾಂಡವಪುರದ ರೈತನು ಹಾಗೆನ್ನನು. ತೂಬೆತ್ತಿದೊಡನೆ ಅವನಿಗೆ ನೀರು ಬಂದಂತಲ್ಲ. ಕೊನೆಯ ಗದ್ದೆ ನೆನೆಯಬೇಕು.

ಈ ವಿವೇಕ ನನಗಿರಲಿಲ್ಲ. ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬನು ಏನು ಕೇಳಿದರೂ ಸುಮ್ಮನೆ ನಗುತ್ತಿದ್ದನು. ಉದ್ಧಟತನವೆಂದು ಬಗೆದು ಹಲವು ಬಾರಿ ಬೆತ್ತವೆತ್ತಿದೆನು. ಒಂದು ದಿನ ಅವನ ತಾಯಿ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಮಗೀಗೆ ಕಿವಿ ಸರಿಯಾಗಿ ಕೇಳಾಕಿಲ್ಲ, ಮುಂದ್ಕೆ ಕೂರಿಸ್ಕಳಿ" ಎಂದಳು.

ಮರುದಿನ ಮುಂದೆ ಕುಳಿತ ಹುಡುಗನು ನನ್ನ ತುಟಿಗಳನ್ನೇ ನೋಡುತ್ತ, ಮೊದಲ ಸಲ ಉತ್ತರ ಹೇಳಿದನು. ನನಗೆ ತಲೆಯೆತ್ತಲಾಗಲಿಲ್ಲ. ಅಷ್ಟು ದಿನವೂ ನಾನು ತೂಬನ್ನು ಮಾತ್ರ ಎತ್ತಿದ್ದೆನು.

ವಿಶ್ರಾಂತನಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿರುವ ಈಗಲೂ, ಯಾರಿಗಾದರೂ ಎರಡು ಮಾತು ಹೇಳಿದರೆ, ಅವರ ಮುಖವನ್ನೊಮ್ಮೆ ನೋಡುತ್ತೇನೆ.