ಕಲ್ಯಾಣದ ಊಟದ ಪಂಕ್ತಿ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬೀದರ ಜಿಲ್ಲೆಯನ್ನು ಹಾಯುವಾಗ ಬಸವಕಲ್ಯಾಣವನ್ನು ತುಸು ದೂರದಿಂದಲೂ ಹುಮನಾಬಾದನ್ನು ಅತಿ ಸಮೀಪದಿಂದಲೂ ಕಂಡು ಮುಂದೆ ಸಾಗುತ್ತದೆ. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಇತ್ತ ಬರುವ ಪ್ರವಾಸಿಗರು ಕೋಟೆಯನ್ನು ನೋಡುತ್ತಾರೆ, ಶರಣರ ಸ್ಮಾರಕಗಳಿಗೆ ಕೈಮುಗಿಯುತ್ತಾರೆ, ಹುಮನಾಬಾದಿನ ವೀರಭದ್ರೇಶ್ವರನ ದರ್ಶನ ಪಡೆಯುತ್ತಾರೆ. ಆದರೆ ಈ ನಾಡಿನ ಚರಿತ್ರೆ ಕಲ್ಲಿನಲ್ಲಿರುವಷ್ಟೇ ಊಟದ ತಟ್ಟೆಯಲ್ಲಿಯೂ ಇದೆಯೆಂಬುದು ಹಸಿದವನಿಗಲ್ಲದೆ ಹೊಳೆಯುವುದಿಲ್ಲ.

ಇಲ್ಲಿಯ ಖಾನಾವಳಿಗಳಿಗೆ ಆಡಂಬರವಿಲ್ಲ. ನಾಲ್ಕಾರು ಮೇಜು, ಗೋಡೆಯ ಮೇಲೆ ಬಸವಣ್ಣನವರ ಪಟ, ಒಳಗಿನಿಂದ ರೊಟ್ಟಿ ತಟ್ಟುವ ಸದ್ದು, ಇಷ್ಟಿದ್ದರೆ ಸಾಕು. ತಟ್ಟೆಗೆ ಮೊದಲು ಬರುವುದು ಬಿಸಿ ಜೋಳದ ರೊಟ್ಟಿ. ಹಿಂದೆಯೇ ಎಣ್ಣೆಗಾಯಿ, ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಮುಗಿಯುವ ಮುನ್ನವೇ “ಇನ್ನೊಂದು ಹಾಕ್ಲೇನ್ರೀ?” ಎಂಬ ಪ್ರಶ್ನೆ ತಲೆಯ ಮೇಲೆ ನಿಂತಿರುತ್ತದೆ. ಬೇಡವೆನ್ನುವ ಧೈರ್ಯ ಹೊಸಬರಿಗೆ ಸುಲಭವಾಗಿ ಬರುವಂಥದಲ್ಲ. ೧೯೪೮ರವರೆಗೆ ಈ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಮೈಸೂರು ರಾಜ್ಯವನ್ನು ಸೇರಿದ್ದು ೧೯೫೬ರ ನವೆಂಬರ್ ೧ರಂದು. ಆದ್ದರಿಂದ ರೊಟ್ಟಿಯ ಖಾನಾವಳಿಯ ನೆರೆಯಲ್ಲೇ ಬಿರಿಯಾನಿಯ ಹಂಡೆ ಕುದಿಯುತ್ತಿದ್ದರೆ ಅಚ್ಚರಿಯಿಲ್ಲ.

ಎಂಟುನೂರು ವರ್ಷಗಳಿಗೂ ಹಿಂದೆ ಈ ಊರಿನ ಅರಸನೊಬ್ಬನು ಅಡುಗೆಯ ವಿಷಯವನ್ನು ಶಾಸ್ತ್ರದಷ್ಟೇ ಗಂಭೀರವಾಗಿ ಬರೆದನು. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ರಾಜ್ಯಭಾರ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಅನ್ನಭೋಗಕ್ಕೂ ಅದರಲ್ಲಿ ಸ್ಥಾನವುಂಟು. ನಮ್ಮ ಇಡ್ಲಿಯ ಪೂರ್ವಜವಾದ ‘ಇಡ್ಡರಿಕಾ’ ಅಲ್ಲಿದೆ. ಉದ್ದಿನದು, ಅಕ್ಕಿಯ ಸೋಂಕಿಲ್ಲ. ದೋಸೆಯೂ ಇದೆ, ವಡೆಯೂ ಇದೆ. ಇಲ್ಲದಿರುವುದು ಮೆಣಸಿನಕಾಯಿ! ಖಾರಕ್ಕೆ ಅರಸನಿಗಿದ್ದುದು ಕಾಳುಮೆಣಸು.

ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮ್ಯಾಟೊ—ಇವೆಲ್ಲವೂ ಅಮೆರಿಕಾ ಖಂಡದಿಂದ ಹೊರಟು, ಐರೋಪ್ಯರ ಹಡಗುಗಳ ಕಾಲದಲ್ಲಿ ಲೋಕವನ್ನು ಸುತ್ತಿ ಬಂದವು. ಶೇಂಗಾ ಹಿಂಡಿಯಿಲ್ಲದ ಊಟವನ್ನು ಊಟವೆನ್ನಲೊಲ್ಲದ ಕಲ್ಯಾಣದ ಗೃಹಸ್ಥನು ತನಗರಿವಿಲ್ಲದೆಯೇ ದಿನವೂ ಪಾಶ್ಚಾತ್ಯ ಭೋಜನ ಮಾಡುತ್ತಿದ್ದಾನೆ! ಅತ್ತ ಮಲೇಷ್ಯಾದಲ್ಲಿ ಜನ ಮುಂಜಾನೆ ಸವಿಯುವ ‘ರೊಟಿ ಚನಾಯ್’, ಭಾರತದಿಂದ ವಲಸೆ ಹೋದವರು ಕೊಂಡೊಯ್ದ ಪರೋಟದ ಬಂಧು. ಮಹಾನಗರದ ಹೋಟೆಲಿನಲ್ಲಿ ಮಲೇಷ್ಯಾದ ತಿನಿಸೆಂದು ಹಣ ತೆತ್ತು ತಿನ್ನುವವರು ಒಮ್ಮೊಮ್ಮೆ ತವರಿಗೆ ಮರಳಿದ ಮಗಳನ್ನೇ ಅತಿಥಿಯೆಂದು ಸತ್ಕರಿಸುತ್ತಿರುತ್ತಾರೆ. ಪದಾರ್ಥಗಳಿಗೆ ಜಾತಿಯಿಲ್ಲ, ಮಡಿಯಿಲ್ಲ, ಬಂದಲ್ಲಿ ಬೆರೆಯುತ್ತವೆ.

ಬೆರೆಯುವುದು ಕಷ್ಟವಾದದ್ದು ಮನುಷ್ಯರಿಗೆ. ಸೋಮೇಶ್ವರನ ಅರಮನೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಕ್ರಮವಿತ್ತು. ಅದೇ ಶತಮಾನದಲ್ಲಿ, ಅದೇ ಊರಿನಲ್ಲಿ, ಶರಣರು ಇನ್ನೊಂದು ಪಂಕ್ತಿಯನ್ನು ಹಾಕಿದರು. ಅದಕ್ಕೆ ದಾಸೋಹವೆಂದು ಹೆಸರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನೇ ದಾಸ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಓದುಗರು ಬಲ್ಲರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತ ಒಂದು ದಿನ ಹೆಚ್ಚು ತಂದಾಗ, ಅಗತ್ಯಕ್ಕೆ ಮೀರಿದ್ದು ಬೇಡ, ಮರಳಿ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹೇಳಿದಳಂತೆ. ಆದರೆ ಒಂದೇ ಪಂಕ್ತಿಯಲ್ಲಿ ಉಂಡವರು ಬೀಗರೂ ಆಗಲು ಹೊರಟಾಗ ಕಲ್ಯಾಣ ಸಹಿಸಲಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯಿಂದಲೇ ರಕ್ತ ಹರಿಯಿತೆಂದು ಪರಂಪರೆ ಹೇಳುತ್ತದೆ.

ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಸಂತ ಮಾಣಿಕಪ್ರಭುಗಳ (೧೮೧೭–೧೮೬೫) ಸಂಸ್ಥಾನವಿದೆ. ಎಲ್ಲ ಮತಗಳೂ ಸಮ್ಮತವೆನ್ನುವ ‘ಸಕಲಮತ’ ಅವರ ಮಾರ್ಗ. ಹಿಂದೂಗಳೂ ಮುಸಲ್ಮಾನರೂ ಅವರಿಗೆ ಭಕ್ತರಾದರು. ಅನ್ನದಾನ ಅಲ್ಲಿಯ ಸೇವೆಗಳಲ್ಲೊಂದು. ಕಲ್ಯಾಣದಲ್ಲಿ ಮುರಿದ ಪಂಕ್ತಿಯ ಒಂದು ತುದಿ ಇಲ್ಲಿ ಮತ್ತೆ ಹಾಸಿತೆನ್ನಬಹುದು.

ಮಠದ ಪಂಕ್ತಿಗೆ ಭಕ್ತಿ ಕಾವಲು, ಹೋಟೆಲಿನ ಪಂಕ್ತಿಗೆ? ಒಂದು ಕಾಲಕ್ಕೆ ನಮ್ಮ ದೇಶದ ಎಷ್ಟೋ ಫಲಾಹಾರ ಮಂದಿರಗಳಲ್ಲಿ ಜಾತಿಗೊಂದು ಕೋಣೆಯಿತ್ತು. ಕೆಲವರಿಗೆ ಬಾಗಿಲೇ ಇರಲಿಲ್ಲ, ಲೋಟ ಬೇರೆ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿ ಕೂಡದೆಂದು ಸಾರಿತು. ೧೭ನೆಯದು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಬೇರೆ ಲೋಟದ ಸುದ್ದಿ ಹಳ್ಳಿಗಳಿಂದ ಇಂದಿಗೂ ಪತ್ರಿಕೆಗಳಿಗೆ ಬರುವುದುಂಟು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಪಕ್ಕದ ಕುರ್ಚಿಯನ್ನು ಸರಿಸಿ ಜಾಗ ಕೊಡುವುದು ಮನುಷ್ಯನ ಕೆಲಸ.

ಆದುದರಿಂದ ಕಲ್ಯಾಣದ ಪುಟ್ಟ ಖಾನಾವಳಿಯಲ್ಲಿ ಲಾರಿಯ ಚಾಲಕ, ಸಂತೆಗೆ ಬಂದ ರೈತ, ಕಚೇರಿಯ ಗುಮಾಸ್ತ ಒಂದೇ ಮೇಜಿಗೆ ಕುಳಿತು, ಒಬ್ಬರನ್ನೊಬ್ಬರು ಹೆಸರು ಕುಲ ಕೇಳದೆ ಹಿಂಡಿಯ ಬಟ್ಟಲನ್ನು ದಾಟಿಸುವ ನೋಟ ಸಣ್ಣದಲ್ಲ. ಅಲ್ಲಿ ಬಿಲ್ಲು ಬರುತ್ತದೆ, ದಾಸೋಹವಲ್ಲ ನಿಜ. ಆದರೂ ಈ ಊರು ಒಮ್ಮೆ ಪ್ರಾಣಕೊಟ್ಟು ಕೇಳಿದ್ದು ಇಷ್ಟನ್ನೇ ಮೊದಲ ಹೆಜ್ಜೆಯಾಗಿ. ಕೋಟೆಯನ್ನು ನೋಡಿ ಬರುವವರು ಊಟದ ಹೊತ್ತಿಗೆ ಊರು ಬಿಟ್ಟು ಹೋಗಬಾರದು.