ಪುಟ್ಟ ಕೈಗೆ ಎಟುಕುವ ಮನೆ

ಹೊಳೆನರಸೀಪುರ
ಶ್ರಾವಣದ ಎರಡನೇ ಸೋಮವಾರ

ಪ್ರೀತಿಯ ಪುಟ್ಟಿಗೆ, ಅಕ್ಕನ ಆಶೀರ್ವಾದ.

ನೀನು ಕಳಿಸಿದ ಮನೆ ನಕ್ಷೆ ಸಿಕ್ಕಿತು ಕಣೇ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ನಿಮ್ಮ ಭಾವನೂ ಬಗ್ಗಿ ನೋಡಿ, "ಇದು ಅಜ್ಜಿ ಮನೆಯೋ, ಬೆಂಗಳೂರಿನ ಹೋಟೆಲೋ?" ಅಂದರು. ಮುಖ ಊದಿಸಿಕೊಳ್ಳಬೇಡ, ಪೂರ್ತಿ ಓದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಗೊರೂರಿನಿಂದ ನೀರು ಬಿಟ್ಟಿದ್ದಾರೆ, ಹೇಮಾವತಿ ತುಂಬಿ ಹರಿಯುತ್ತಿದ್ದಾಳೆ. ರಾತ್ರಿ ದೀಪ ಆರಿಸಿ ಮಲಗಿದರೆ ಅವಳದೇ ಸದ್ದು. ನಿದ್ದೆ ಬರದೆ ನಿನ್ನ ನಕ್ಷೆಯನ್ನೇ ಯೋಚಿಸುತ್ತಾ ಬಿದ್ದಿದ್ದೆ.

ಬೆಂಗಳೂರು ಬಿಟ್ಟು ಚನ್ನರಾಯಪಟ್ಟಣದ ಆ ಹಳೇ ಮನೆಗೆ ಬರುತ್ತೀರಿ ಅಂದಾಗ ನನಗೆಷ್ಟು ಸಂತೋಷವಾಯಿತು ಗೊತ್ತಾ? 2017ರಲ್ಲಿ ಬೆಂಗಳೂರು–ಹಾಸನ ನೇರ ರೈಲು ಮಾರ್ಗ ಶುರುವಾದದ್ದು ನಮ್ಮ ಪುಣ್ಯ. ನಿಮ್ಮವರು ವಾರಕ್ಕೆರಡು ಸಲ ಕೆಲಸಕ್ಕೆ ಹೋಗಿಬರಬಹುದು, ಮಿಕ್ಕ ದಿನ ತೋಟ, ಮಕ್ಕಳು. ಚಿನ್ನುಗೆ ನಾಲ್ಕು ವರ್ಷ, ಪಾಪುಗೆ ಹತ್ತು ತಿಂಗಳು. ಇಬ್ಬರನ್ನೂ ಕಟ್ಟಿಕೊಂಡು ಮನೆ ರಿಪೇರಿ ಮಾಡಿಸುತ್ತೀಯಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಇಲ್ಲವಾ ಅನ್ನೋದೇ ನನ್ನ ಚಿಂತೆ.

ನಿನ್ನ ನಕ್ಷೆಯಲ್ಲಿ ಎಲ್ಲಕ್ಕೂ ಜಾಗವಿದೆ. ಜಗಲಿ ಒಡೆದು ಕಾರಿಗೆ ಜಾಗ, ತೊಟ್ಟಿಯ ಮೇಲೆ ಗಾಜು, ನೆಲಕ್ಕೆ ಹೊಳೆಯುವ ಟೈಲ್ಸ್, ಮಕ್ಕಳ ಸಾಮಾನಿಗೆ ಸೂರು ಮುಟ್ಟುವ ಬೀರು. ಚೆನ್ನಾಗಿಯೇ ಇದೆ. ಆದರೆ ಬಾಯಾರಿದಾಗ ಚಿನ್ನು ತನ್ನ ಲೋಟವನ್ನು ತಾನೇ ಎಲ್ಲಿಂದ ತೆಗೆದುಕೊಳ್ಳುತ್ತಾಳೆ? ಅದನ್ನು ಹುಡುಕಿದೆ, ಸಿಗಲಿಲ್ಲ. ಮಕ್ಕಳಿರುವ ಮನೆಗೆ ಲೆಕ್ಕ ಎರಡೇ ಕಣೇ: ಅವರ ಕೈಗೆ ಎಟುಕಬೇಕಾದ್ದು ಯಾವುದು, ಎಟುಕಬಾರದ್ದು ಯಾವುದು. ಈ ಎರಡು ಸರಿಹೋದರೆ ಮಿಕ್ಕದ್ದು ನಿಧಾನಕ್ಕೆ ಆಗುತ್ತದೆ.

ಮೇಸ್ತ್ರಿ ಬರುವ ಮೊದಲು ಒಂದು ಕೆಲಸ ಮಾಡು. ಬೆಳಿಗ್ಗೆ ಅರ್ಧ ಗಂಟೆ ನೆಲದ ಮೇಲೆ ಕೂತು, ಪಾಪು ಹಿಂದೆಯೇ ಅಂಬೆಗಾಲಿಡುತ್ತಾ ಮನೆಯೆಲ್ಲ ಸುತ್ತು. ಹೋದ ವರ್ಷ ಮೊಮ್ಮಗ ಬಂದಾಗ ನಾನೂ ಹಾಗೆ ಸುತ್ತಿದೆ. ಮೂವತ್ತು ವರ್ಷದಿಂದ ಗುಡಿಸಿ ಒರೆಸಿದ ಮನೆ, ಕೆಳಗೆ ಕೂತರೆ ಬೇರೆಯೇ ಕಂಡಿತು. ಮೇಜಿನಡಿ ಹೊರಚಾಚಿದ ಮೊಳೆ, ಮೂತಿಯ ಮಟ್ಟಕ್ಕೇ ಪ್ಲಗ್ಗು, ಸೋಫಾ ಕೆಳಗೆ ರಿಮೋಟಿನಿಂದ ಬಿದ್ದ ಗುಂಡನೆಯ ಪುಟ್ಟ ಸೆಲ್ಲು. ಅದನ್ನು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದಂತೆ. ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಅರಕಲಗೂಡಿನ ಚಿಕ್ಕಮ್ಮನ ಮನೆಯಲ್ಲಿ ಆದದ್ದನ್ನು ನಿನಗೆ ಹೇಳಿರಲಿಲ್ಲ, ಬಾಣಂತಿ ಹೆದರುತ್ತೀಯ ಅಂತ. ಅಲ್ಲಿ ಆಲೂಗೆಡ್ಡೆ, ಹೊಗೆಸೊಪ್ಪು ಎರಡೂ ಬೆಳೆಯುತ್ತಾರಲ್ಲ. ಅಂಗಮಾರಿಗೆ ಹೊಡೆದು ಮಿಕ್ಕ ಔಷಧಿಯನ್ನು ಯಾರೋ ಜ್ಯೂಸ್ ಬಾಟಲಿಗೆ ಬಗ್ಗಿಸಿ ಜಗಲಿ ಮೂಲೆಯಲ್ಲಿ ಇಟ್ಟಿದ್ದರು. ಎರಡು ವರ್ಷದ ಕೂಸು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮುಚ್ಚಳ ಕಚ್ಚುತ್ತಾ ನಿಂತಿತ್ತು. ಮುಚ್ಚಳ ಬಿಗಿಯಾಗಿತ್ತು, ಅಷ್ಟೇ ನಮ್ಮನ್ನು ಕಾಪಾಡಿದ್ದು. ವಿಷಕ್ಕೆ ಔಷಧಿ ಅಂತ ಹೆಸರಿಟ್ಟು ನಮಗೆ ಭಯವೇ ಹೋಗಿದೆ. ಈಗ ಅದೆಲ್ಲ ತೋಟದ ಪಂಪ್‌ಸೆಟ್ ಮನೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ, ತಂದ ಡಬ್ಬಿಯಲ್ಲೇ ಇದೆ. ನೀನೂ ತೆಂಗಿನ ತೋಟಕ್ಕೆ ಏನೇ ತಂದರೂ ಅದು ಮನೆಯೊಳಗೆ ಬರಬಾರದು. ದೇವರ ದಯೆಯಿಂದ ಹಾಗಾಗದಿರಲಿ, ಅಕಸ್ಮಾತ್ ಕೂಸು ಕುಡಿದೇಬಿಟ್ಟರೆ ಗಂಟಲಿಗೆ ಕೈ ಹಾಕಿ ವಾಂತಿ ಮಾಡಿಸಬೇಡ. ಆ ಡಬ್ಬಿಯನ್ನೂ ಎತ್ತಿಕೊಂಡು ನೇರ ಆಸ್ಪತ್ರೆಗೆ ಓಡು, 108ಕ್ಕೆ ಫೋನ್ ಮಾಡಿಸು.

ಇನ್ನು ನೀರು. ಹೊಳೆದಂಡೆಯವರು ನಾವು, ಹೊಳೆಗೆ ಹೆದರಿ ಹೆದರಿ ಬಕೆಟ್ಟಿಗೆ ಹೆದರುವುದನ್ನೇ ಕಲಿಯಲಿಲ್ಲ. ಅಂಬೆಗಾಲಿನ ಕೂಸಿಗೆ ತಲೆಯೇ ಭಾರ. ಬಗ್ಗಿ ಮುಗ್ಗರಿಸಿದರೆ ನಾಲ್ಕು ಬೆರಳು ನೀರಿನಿಂದಲೂ ತಾನಾಗಿ ಏಳಲಾರದು, ಕೂಗುವುದಕ್ಕೂ ಆಗದು. ಬಚ್ಚಲ ಕೆಲಸ ಮುಗಿದ ತಕ್ಷಣ ಬಕೆಟ್ ಬೋರಲು ಹಾಕು. ಸಂಪಿನ ಮುಚ್ಚಳಕ್ಕೆ ಬೀಗ, ಬಚ್ಚಲ ಬಾಗಿಲಿಗೆ ಮೇಲೊಂದು ಚಿಲಕ. ಎರೆಯುವ ನೀರಿಗೆ ಮೊದಲು ತಣ್ಣೀರು ತುಂಬಿ, ಆಮೇಲೆ ಹಂಡೆಯಿಂದ ಬಿಸಿನೀರು ಬೆರೆಸು. ಈ ಕ್ರಮ ಕೈಗೆ ಅಭ್ಯಾಸವಾದರೆ ಎಂಥ ಅವಸರದಲ್ಲೂ ಕೂಸು ಸುಟ್ಟುಕೊಳ್ಳುವುದಿಲ್ಲ.

ಅಟ್ಟದ ಮಾತು ಆಡಲೇಬೇಕು, ಯಾಕೆಂದರೆ ಅಲ್ಲಿ ಮೊದಲ ಕಳ್ಳಿ ನೀನೇ! ಉಂಡೆ ಕೊಬ್ಬರಿಗೆಂದು ತಾತ ತುಂಬಿಸಿದ ಕಾಯಿಗಳು ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತಿದ್ದವು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವುದನ್ನು ಕೇಳಬೇಕೆಂದು ನೀನು ಮೂರೂವರೆ ವರ್ಷಕ್ಕೇ ಏಣಿ ಹತ್ತಿದ್ದೆ. ಒಂದು ಕಾಯನ್ನು ಕಿವಿಗೆ ಆನಿಸಿಕೊಂಡು ಅಲ್ಲಾಡಿಸುತ್ತಾ ನಗುತ್ತಿದ್ದೆ, ಕೆಳಗೆ ಅಜ್ಜಿ ಸೆರಗೊಡ್ಡಿ ನಡುಗುತ್ತಿದ್ದಳು. ನಿನ್ನ ಮಗಳು ನಿನಗಿಂತ ಚುರುಕು. ಏಣಿಯನ್ನು ಗೋಡೆಗೆ ಒರಗಿಸಿಡಬೇಡ, ಮೇಲೆ ಅಡ್ಡಡ್ಡ ಕೊಕ್ಕೆಗೆ ತೂಗುಹಾಕು. ಹಾಗೇ ಮಹಡಿ ಮೆಟ್ಟಿಲು. ಹಾಸನದಲ್ಲಿ ನಮ್ಮ ಮಗಳು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿಸಿದಾಗ ಕಂಬಿಯ ಸಂದು ಅಗಲವಾಗಿ ಮತ್ತೆ ಬಿಚ್ಚಿಸಬೇಕಾಯಿತು. ಸಂದು ನಾಲ್ಕು ಇಂಚು ಮೀರಬಾರದು, ಕಂಬಿ ಅಡ್ಡ ಬೇಡ, ಉದ್ದುದ್ದ ಇರಲಿ. ಅಡ್ಡ ಕಂಬಿ ಮಕ್ಕಳಿಗೆ ಏಣಿಯೇ.

ಇಷ್ಟೆಲ್ಲ ಓದಿ ಎದೆ ಹೊಡೆದುಕೊಳ್ಳುತ್ತಿದೆಯಾ? ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬಾ. ಹಿತವಾದದ್ದು ಈಗ ಇದೆ.

1907ರಲ್ಲಿ ರೋಮ್ ನಗರದ ಬಡವರ ಬೀದಿಯಲ್ಲಿ ಮಾರಿಯಾ ಮಾಂಟೆಸ್ಸರಿ ಎಂಬ ಡಾಕ್ಟರಮ್ಮ ಪುಟ್ಟ ಮಕ್ಕಳಿಗಾಗಿ ಒಂದು ಮನೆ ತೆರೆದರು. ಕುರ್ಚಿ, ಮೇಜು, ಕಪಾಟು ಎಲ್ಲ ಮಕ್ಕಳ ಅಳತೆಗೇ. ತಮ್ಮ ಸಾಮಾನು ತಾವೇ ತೆಗೆದು ತಾವೇ ಇಡುವ ಮಕ್ಕಳು ಎಷ್ಟು ಶಾಂತರಾಗುತ್ತಾರೆ ಅಂತ ಲೋಕಕ್ಕೆ ತೋರಿಸಿದರು. 1939ರಲ್ಲಿ ಅವರು ನಮ್ಮ ದೇಶಕ್ಕೂ ಬಂದರು, ಮಹಾಯುದ್ಧ ಮುಗಿಯುವವರೆಗೂ ಇಲ್ಲೇ ಇದ್ದು ಟೀಚರುಗಳಿಗೆ ಕಲಿಸಿದರು. ರೋಮಿನ ಆ ಮನೆಯ ಹೆಸರಿನ ಅರ್ಥ ಮಕ್ಕಳ ಮನೆ ಅಂತಲೇ. 2023ರ ಬಜೆಟ್ಟಿನಲ್ಲಿ ನಮ್ಮ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ 'ಕೂಸಿನ ಮನೆ' ತೆರೆಯುತ್ತೇವೆ ಅಂದಾಗ ನನಗೆ ಆ ಹೆಸರೇ ಮುದ್ದಾಗಿ ಕೇಳಿಸಿತು. ಮನೆ ಎಂದಮೇಲೆ ಅದರಲ್ಲಿ ಕೂಸಿಗೂ ಒಂದು ಪಾಲು ಇರಬೇಕಲ್ಲವೇ?

ಹಾಗಂತ ದುಡ್ಡು ಸುರಿಯಬೇಡ. ಬಾಗಿಲ ಪಕ್ಕ ಚಿನ್ನುವಿನ ಹೆಗಲ ಎತ್ತರಕ್ಕೆ ಎರಡು ಗೂಟ ಹೊಡೆಸು, ಒಂದಕ್ಕೆ ಚೀಲ, ಒಂದಕ್ಕೆ ಟವೆಲ್. ಅಡುಗೆಮನೆಯ ಕೆಳಗಿನ ಅರೆಯಲ್ಲಿ ಅವಳ ತಟ್ಟೆ ಲೋಟ. ಕೈ ತೊಳೆಯುವ ಕಡೆ ನಿಲ್ಲಲು ಅಲ್ಲಾಡದ ಒಂದು ಮಣೆ. ಆಟದ ಸಾಮಾನು ಒಂದು ಬುಟ್ಟಿಯಷ್ಟೇ ಹೊರಗಿರಲಿ, ಮಿಕ್ಕದ್ದು ಟ್ರಂಕಿಗೆ. ತಿಂಗಳಿಗೊಮ್ಮೆ ಬದಲಾಯಿಸಿದರೆ ಹಳೆಯದೇ ಹೊಸದಾಗುತ್ತದೆ. ಪಾಪು ಎಲ್ಲವನ್ನೂ ಬಾಯಿಗಿಡುವವನು, ಅವನಿಗೆ ಚನ್ನಪಟ್ಟಣದ ಗಿಲಕಿ ತಂದಿಟ್ಟಿದ್ದೇನೆ. ಹಾಲೆ ಮರ, ಮೇಲೆ ಅರಗಿನ ಬಣ್ಣ, ಮೂಲೆಯಿಲ್ಲದ ನುಣುಪು. ಕಡಲೆಕಾಯಿ ಬೀಜ ಮಾತ್ರ ಇಬ್ಬರಿಗೂ ಇಡಿಯಾಗಿ ಕೊಡಬೇಡ, ಪುಡಿ ಮಾಡಿಯೇ ಕೊಡು. ಉಸಿರಿಗೆ ಅಡ್ಡ ಬೀಳುತ್ತದೆ.

ಮಕ್ಕಳ ಕೋಣೆ ಅಂತ ಬರೆಸಿದ್ದೀಯಲ್ಲ, ಇನ್ನೂ ಐದು ವರ್ಷ ಅಲ್ಲಿ ಯಾರೂ ಮಲಗುವುದಿಲ್ಲ ನೋಡು! ನಿನ್ನ ಸೆರಗು ಹಿಡಿದೇ ಮಲಗುತ್ತಾರೆ. ಆ ಕೋಣೆಯನ್ನು ಬಟ್ಟೆಗೆ, ಹಾಸಿಗೆಗೆ ಬಿಡು. ನಡುಮನೆಯಲ್ಲೇ ಎಲ್ಲರಿಗೂ ಹಾಸು. ಅಡುಗೆಮನೆಗೂ ತೊಟ್ಟಿಗೂ ನಡುವೆ ಹೊಸ ಗೋಡೆ ಬೇಡ, ಸೊಂಟದೆತ್ತರದ ಗೋಡೆ ಸಾಕು. ಒಗ್ಗರಣೆ ಹಾಕುತ್ತಾ ಕತ್ತು ತಿರುಗಿಸಿದರೆ ಮಕ್ಕಳು ಕಣ್ಣಿಗೆ ಬೀಳಬೇಕು. ತೊಟ್ಟಿಗೆ ಗಾಜು ಹೊದಿಸಿದರೆ ಬೇಸಿಗೆಯಲ್ಲಿ ಒಲೆಯಾಗುತ್ತದೆ. ಕಂಬಿಗೆ ಜಾಲರಿ ಸಾಕು, ಬಿಸಿಲೂ ಬರಲಿ, ಮಳೆ ಹನಿಯೂ ಬೀಳಲಿ. ಒದ್ದೆಯಾದರೆ ಜಾರುವ ಟೈಲ್ಸ್ ಅಲ್ಲಿ ಬೇಡವೇ ಬೇಡ.

ಹಾಸನಾಂಬೆ ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ಮುಗಿಯಬೇಕು, ನೆಂಟರು ಬರುತ್ತಾರೆ ಅಂತ ಬರೆದಿದ್ದೀಯ. ಬರಲಿ ಕಣೇ, ಚಾಪೆ ಹಾಸಿ ಕೂರಿಸೋಣ. ವರ್ಷಕ್ಕೊಮ್ಮೆ ಬರುವವರಿಗಾಗಿ ದಿನವೂ ಇರುವವರ ಜಾಗ ಕಿತ್ತುಕೊಳ್ಳಬೇಡ.

ಕಡೆಗೊಂದು ಮಾತು. ಟಿವಿಗಾಗಿ ಕೆಡವಬೇಕೆಂದು ಕೆಂಪು ಗೀಟು ಎಳೆದಿರುವ ನಡುಮನೆ ಗೋಡೆಯಲ್ಲಿ, ಮೊಳಕಾಲೆತ್ತರಕ್ಕೆ ಒಂದು ಗೂಡಿದೆ. ದೊಡ್ಡವರಿಗೆ ಬಗ್ಗದೆ ಕಾಣದು. ಅಜ್ಜಿ ಅದರಲ್ಲಿ ನಮಗಾಗಿ ಹುಣಸೆ ಬೀಜ, ಕವಡೆ, ಬಳೆಚೂರು ಇಟ್ಟಿರುತ್ತಿದ್ದಳು. ಅಳಗುಳಿಮಣೆ ಆಡಿ ಮುಗಿಸಿ ನಾವೇ ಎಣಿಸಿ ಮತ್ತೆ ಅಲ್ಲೇ ಇಡುತ್ತಿದ್ದೆವು. ಅದರ ಅಂಚು ನಮ್ಮ ಕೈ ತಾಗಿ ತಾಗಿ ನುಣ್ಣಗಾಗಿದೆ, ಮುಟ್ಟಿ ನೋಡು.

ಆ ಅಳಗುಳಿಮಣೆ ನನ್ನ ಹತ್ತಿರ ಇದೆ, ಮುಂದಿನ ಭಾನುವಾರ ನಿಮ್ಮ ಭಾವನ ಕೈಲಿ ಗಿಲಕಿಯ ಜೊತೆ ಕಳಿಸುತ್ತೇನೆ. ಮೇಸ್ತ್ರಿಗೆ ಅಷ್ಟು ದಿನ ಕಾಯಲು ಹೇಳು. ಮಣೆಯನ್ನು ಗೂಡಿನೊಳಗಿಟ್ಟು ಚಿನ್ನುವನ್ನು ಎದುರಿಗೆ ಕೂರಿಸು, ಏನೂ ಹೇಳಬೇಡ. ಅವಳ ಕೈ ಎಲ್ಲಿಯವರೆಗೆ ಹೋಗುತ್ತದೆ ನೋಡಿ ನನಗೆ ಬರಿ. ಗೋಡೆಯ ಮಾತು ಆಮೇಲೆ ಆಡೋಣ.

ಪಾಪುವಿನ ಕೆನ್ನೆಗೆ ಒಂದು, ಚಿನ್ನುವಿಗೆ ಎರಡು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಪ್ರೀತಿಯ
ಅಕ್ಕ